ಯಂತ್ರದ ಮೇಲೇಕೆ ಗೂಬೆ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ — ಈ ನಾಲ್ಕು ಊರುಗಳಲ್ಲಿ ಎಲ್ಲಿಯೇ ಆಗಲಿ, ನಾಲ್ಕು ಜನ ಸಂಗೀತಪ್ರಿಯರು ಕೂಡಿದರೆಂದರೆ ಮಾತು ಹೊರಳಿ ಹೊರಳಿ ಸಿನಿಮಾ ಸಂಗೀತಕ್ಕೆ ಬರುತ್ತದೆ, ಬಂದ ಕೂಡಲೆ ಒಂದು ತೀರ್ಪೂ ಹೊರಬೀಳುತ್ತದೆ: “ಯಂತ್ರ ಬಂತು, ಸಂಗೀತ ಸತ್ತಿತು.” ತೀರ್ಪು ಕೊಡುವವರು ಸಾಮಾನ್ಯರಲ್ಲ. ಕಂಪನಿ ನಾಟಕಗಳ ರಂಗಗೀತೆಗಳು ಅವರಿಗೆ ಬಾಯಿಪಾಠ, ಜಿ. ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರರ ಹಾಡುಗಳನ್ನು ಮೊದಲ ನಾಲ್ಕು ಸ್ವರ ಕೇಳಿಯೇ ಗುರುತಿಸಬಲ್ಲವರು. ಅವರು ಮುಂದಿಡುವ ಸಾಕ್ಷ್ಯವೂ ಸುಳ್ಳಲ್ಲ. ಈಗಿನ ಬಹುಪಾಲು ಚಿತ್ರಗಳ ಹಿನ್ನೆಲೆ ಸಂಗೀತ ಎದೆಗೆ ಗುದ್ದುತ್ತದೆ, ಕುರ್ಚಿಯನ್ನು ನಡುಗಿಸುತ್ತದೆ. ಹೊರಗೆ ಬಂದು ಚಹಾದ ಅಂಗಡಿಯನ್ನು ಮುಟ್ಟುವಷ್ಟರಲ್ಲಿ ಅದರ ಒಂದು ಎಳೆಯೂ ನೆನಪಿನಲ್ಲಿ ಉಳಿದಿರುವುದಿಲ್ಲ. ನಾಯಕ ಬಂದರೂ ಅದೇ ಗರ್ಜನೆ, ಖಳನಾಯಕ ಬಂದರೂ ಅದೇ ಗರ್ಜನೆ. ಇದನ್ನೆಲ್ಲ ನಾನು ಒಪ್ಪುತ್ತೇನೆ. ಸಾಕ್ಷ್ಯ ಸರಿಯಾಗಿದೆ, ತೀರ್ಪು ಮಾತ್ರ ತಪ್ಪಾಗಿದೆ. ಕಟಕಟೆಯಲ್ಲಿ ನಿಂತಿರುವವನೇ ಬೇರೆ, ಅಪರಾಧಿಯೇ ಬೇರೆ ಎಂಬುದು ನನ್ನ ವಾದ.

ಮೊದಲು ಹಾರ್ಮೋನಿಯಮ್ಮಿನ ಮಾತು ಆಡೋಣ. ಅದಿಲ್ಲದೆ ನಮ್ಮ ಕಡೆ ಭಜನೆ ಸಾಗದು, ಕಂಪನಿ ನಾಟಕದ ಪರದೆ ಏಳದು. ಆದರೆ ಅದು ನಮ್ಮ ಹಿತ್ತಲಲ್ಲಿ ಬೆಳೆದ ಬಳ್ಳಿಯಲ್ಲ. ಪ್ಯಾರಿಸ್ಸಿನ ಅಲೆಕ್ಸಾಂದ್ರ ದೆಬೆಂ ಎಂಬಾತ ೧೮೪೨ರಲ್ಲಿ ಆ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದ. ೧೯೪೦ರಲ್ಲಿ ನಮ್ಮ ದೇಶದ ಬಾನುಲಿಯೇ ಅದಕ್ಕೆ ಬಹಿಷ್ಕಾರ ಹಾಕಿತು. ಅದು ಪರದೇಶಿ ಪೆಟ್ಟಿಗೆ, ಸ್ವರದಿಂದ ಸ್ವರಕ್ಕೆ ಜಾರಲಾರದು, ನಮ್ಮ ಗಮಕಕ್ಕೂ ಶ್ರುತಿಗಳಿಗೂ ಹಗೆ ಎಂಬುದು ಆಗಿನ ಆಪಾದನೆ. ಆ ಬಹಿಷ್ಕಾರ ಸಡಿಲಾದದ್ದು ೧೯೭೧ರ ಸುಮಾರಿಗೆ. ನಡುವಿನ ಮೂವತ್ತು ವರ್ಷ ನಮ್ಮ ಹಳ್ಳಿಗಳು ಏನು ಮಾಡಿದವು? ದಿಲ್ಲಿಯ ಆಜ್ಞೆಯನ್ನು ಕಿವಿಗೆ ಹಾಕಿಕೊಳ್ಳದೆ ಪೆಟ್ಟಿಗೆಯ ಭಾತೆಯನ್ನು ಒತ್ತುತ್ತಲೇ ಇದ್ದವು. ಗದುಗಿನ ಪುಟ್ಟರಾಜ ಗವಾಯಿಗಳಂತಹ ವಿದ್ವಾಂಸರೂ ಅದನ್ನು ಆದರದಿಂದ ನುಡಿಸಿದರು. ಅಂದು ಹಾರ್ಮೋನಿಯಮ್ಮಿನ ಮೇಲೆ ಹೊರಿಸಿದ ಆಪಾದನೆಯನ್ನೇ ಇಂದು ಹಾರ್ಮೋನಿಯಮ್ಮಿನ ಭಕ್ತರು ಕೀಬೋರ್ಡಿನ ಮೇಲೆ ಹೊರಿಸುತ್ತಿದ್ದಾರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ವಾದ್ಯಗಳಿಗೂ ಸಲ್ಲುತ್ತದೆಂದು ಕಾಣುತ್ತದೆ.

ಇನ್ನೊಂದು ಸಾಕ್ಷಿಯನ್ನು ಕರೆಯುತ್ತೇನೆ. ೧೯೫೪ರ ಹಿಂದಿ ಚಿತ್ರ ‘ನಾಗಿನ್’. ಹೇಮಂತ ಕುಮಾರರ ಸಂಗೀತ. ಅದರ ಪುಂಗಿಯ ನಾದಕ್ಕೆ ಹಾವುಗಳೇ ಚಿತ್ರಮಂದಿರಕ್ಕೆ ಬಂದವೆಂಬ ಕಥೆಗಳು ದೇಶದ ತುಂಬ ಹುಟ್ಟಿಕೊಂಡವು. “ಅದಪ್ಪಾ ಸಂಗೀತ! ಮನುಷ್ಯನ ಉಸಿರಿನದು!” ಎಂದು ಉದ್ಗರಿಸುವ ಹಿರಿಯರನ್ನು ನಾನು ಬಲ್ಲೆ. ಅವರಿಗೆ ತಿಳಿಸಬೇಕಾದ ಸಂಗತಿ ಇಷ್ಟು: ಅಲ್ಲಿ ಕೇಳುವುದು ಹಾವಾಡಿಗನ ಪುಂಗಿಯಲ್ಲ. ಮುಂದೆ ಕಲ್ಯಾಣಜಿ–ಆನಂದಜಿ ಎಂದು ಹೆಸರಾದ ಜೋಡಿಯ ಕಲ್ಯಾಣಜಿ, ಕ್ಲಾವಿಯೋಲಿನ್ ಎಂಬ ವಿದ್ಯುತ್ತಿನ ಮಣೆವಾದ್ಯದಲ್ಲಿ ಅದನ್ನು ನುಡಿಸಿದರು. ಜೊತೆಗೆ ಹಾರ್ಮೋನಿಯಂ ಹಿಡಿದವರು ಮುಂದೆ ತಾವೇ ಸಂಗೀತ ನಿರ್ದೇಶಕರಾದ ರವಿ. ಫ್ರಾನ್ಸಿನಲ್ಲಿ ೧೯೪೭ರಲ್ಲಿ ಹುಟ್ಟಿದ ಆ ಯಂತ್ರ ಏಳೇ ವರ್ಷದಲ್ಲಿ ನಮ್ಮ ಹಾವಾಡಿಗನ ವೇಷ ತೊಟ್ಟಿತ್ತು. ಆಗ ಯಾರೂ ಸಂಗೀತ ಸತ್ತಿತೆಂದು ಅಳಲಿಲ್ಲ. ಏಕೆ ಅಳಲಿಲ್ಲ? ನುಡಿಸಿದವನು ಮೊದಲು ಪುಂಗಿಯನ್ನು ಚೆನ್ನಾಗಿ ಕೇಳಿದ್ದ. ನನ್ನ ಇಡೀ ವಾದ ಈ ಒಂದು ಮಾತಿನಲ್ಲಿದೆ.

ಎಲೆಕ್ಟ್ರಾನಿಕ್ ಸಂಗೀತದ ಆದಿಪುರುಷರನ್ನು, ಆದಿಸ್ತ್ರೀಯರನ್ನೂ ನೋಡಿರಿ. ರಷ್ಯದ ಲೆವ್ ತೆರೆಮಿನ್ ೧೯೨೦ರ ಸುಮಾರಿಗೆ ಮುಟ್ಟದೆಯೇ ನುಡಿಸುವ ವಾದ್ಯವೊಂದನ್ನು ಮಾಡಿದ. ಕೈಯನ್ನು ಗಾಳಿಯಲ್ಲಿ ಆಡಿಸಿದರೆ ನಾದ ಏರುತ್ತದೆ, ಇಳಿಯುತ್ತದೆ. ೧೯೪೫ರಲ್ಲಿ ಹಿಚ್‌ಕಾಕ್‌ನ ‘ಸ್ಪೆಲ್‌ಬೌಂಡ್’ ಚಿತ್ರದಲ್ಲಿ ಮಿಕ್ಲೋಶ್ ರೋಜಾ ಅದನ್ನು ಮನಸ್ಸಿನ ಕ್ಷೋಭೆಗೆ ದನಿಯಾಗಿ ಬಳಸಿದ. ಪ್ಯಾರಿಸ್ಸಿನ ಪಿಯೇರ್ ಶೆಫೆರ್ ೧೯೪೮ರಲ್ಲಿ ರೈಲುಗಳ ಸಪ್ಪಳವನ್ನು ಧ್ವನಿಮುದ್ರಿಸಿಕೊಂಡು ಬಂದು, ಆ ಸಪ್ಪಳವನ್ನೇ ಕತ್ತರಿಸಿ ಜೋಡಿಸಿ ಒಂದು ಸಂಗೀತಕೃತಿ ಕಟ್ಟಿದ. ಹಿಚ್‌ಕಾಕ್‌ನ ೧೯೬೩ರ ‘ದಿ ಬರ್ಡ್ಸ್’ ಚಿತ್ರದಲ್ಲಿ ವಾಡಿಕೆಯ ಹಿನ್ನೆಲೆ ಸಂಗೀತವೇ ಇಲ್ಲ. ಜರ್ಮನಿಯ ಓಸ್ಕರ್ ಸಾಲಾ ಟ್ರೌಟೋನಿಯಂ ಎಂಬ ತನ್ನ ಯಂತ್ರದಿಂದ ಹಕ್ಕಿಗಳ ಕೂಗನ್ನೂ ರೆಕ್ಕೆಯ ಬಡಿತವನ್ನೂ ಹೊರಡಿಸಿದ.

ಇವರೆಲ್ಲರಿಗಿಂತ ನನಗೆ ಮೆಚ್ಚಿನವರು ನ್ಯೂಯಾರ್ಕಿನ ಲೂಯಿ ಬ್ಯಾರನ್ ಮತ್ತು ಬೀಬಿ ಬ್ಯಾರನ್ ದಂಪತಿಗಳು. ೧೯೫೬ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರದ ಹಿನ್ನೆಲೆಯೆಲ್ಲ ಅವರು ಕಟ್ಟಿದ ವಿದ್ಯುನ್ಮಂಡಲಗಳ ನಾದ. ಒಂದೊಂದು ಮಂಡಲವನ್ನೂ ಅದು ಸುಟ್ಟುಹೋಗುವವರೆಗೆ ನುಡಿಸಿ, ಅದರ ಕೊನೆಯ ನರಳಿಕೆಯವರೆಗೂ ಫೀತೆಯ ಮೇಲೆ ಹಿಡಿದರು. ಒಮ್ಮೆ ಸತ್ತ ಮಂಡಲ ಮತ್ತೆ ಅದೇ ದನಿಯನ್ನು ಕೊಡುತ್ತಿರಲಿಲ್ಲ. ಇಷ್ಟು ದುಡಿದವರಿಗೆ ಚಿತ್ರದ ಹೆಸರುಪಟ್ಟಿಯಲ್ಲಿ ‘ಸಂಗೀತ’ ಎಂಬ ಪದವನ್ನು ಕೊಡಲಿಲ್ಲ. ವಾದ್ಯಗಾರರ ಸಂಘದ ಭಯದಿಂದ ‘ಎಲೆಕ್ಟ್ರಾನಿಕ್ ನಾದಗಳು’ ಎಂದು ಬರೆದು ಕೈತೊಳೆದುಕೊಂಡರು. ಯಂತ್ರದ್ದು ಸಂಗೀತವೇ ಅಲ್ಲ ಎಂದು ಇಂದು ಕೊಪ್ಪಳದಲ್ಲಿ ಹೇಳುವವರು ಹೊಸ ಮಾತನ್ನೇನೂ ಹೇಳುತ್ತಿಲ್ಲ. ಎಪ್ಪತ್ತು ವರ್ಷ ಹಳೆಯ ಅನ್ಯಾಯವನ್ನು ಪುನಃ ಉಚ್ಚರಿಸುತ್ತಿದ್ದಾರೆ. ಕಾಲವಾದರೋ ಬೇರೆ ತೀರ್ಪು ಕೊಟ್ಟಿತು. ೧೯೭೮ರ ‘ಮಿಡ್‌ನೈಟ್ ಎಕ್ಸ್‌ಪ್ರೆಸ್’ ಚಿತ್ರಕ್ಕೆ ಜಾರ್ಜಿಯೋ ಮೊರೊಡರ್, ೧೯೮೧ರ ‘ಚಾರಿಯಟ್ಸ್ ಆಫ್ ಫೈರ್’ ಚಿತ್ರಕ್ಕೆ ವಾಂಗೆಲಿಸ್ ಸಿಂಥಸೈಸರಿನಿಂದಲೇ ಸಂಗೀತ ಕೊಟ್ಟು ಆಸ್ಕರ್ ಪಡೆದರು.

ಇವರಲ್ಲಿ ಸಮಾನವಾದ ಗುಣ ಯಾವುದು? ಯಾರೂ ಸಿದ್ಧವಾದ ದನಿಯನ್ನು ಕೊಂಡು ತಂದವರಲ್ಲ. ಯಂತ್ರವನ್ನು ಮುಟ್ಟುವ ಮೊದಲು ರೈಲನ್ನು, ಹಕ್ಕಿಯನ್ನು, ಸುಡುವ ತಂತಿಯನ್ನು ಕೇಳಿದವರು. ತಮಗೆ ಬೇಕಾದ ದನಿಯನ್ನು ತಾವೇ ಮಾಡಿಕೊಂಡವರು.

ಹಾಗಾದರೆ ಕೆಟ್ಟದ್ದು ಎಲ್ಲಿ? ನನ್ನ ತಿಳಿವಳಿಕೆಯ ಮಟ್ಟಿಗೆ ಅದಕ್ಕೊಂದು ವರ್ಷವನ್ನೇ ಹೇಳಬಹುದು: ೧೯೮೩. ಆ ವರ್ಷ ಬೇರೆ ಬೇರೆ ಕಂಪನಿಗಳ ಯಂತ್ರಗಳು ಪರಸ್ಪರ ಮಾತಾಡಿಕೊಳ್ಳುವ ‘ಮಿಡಿ’ ಎಂಬ ಒಪ್ಪಂದ ಜಾರಿಗೆ ಬಂತು. ಅದೇ ವರ್ಷ ಯಮಾಹಾದವರ ಡಿಎಕ್ಸ್-೭ ಮಾರುಕಟ್ಟೆಗೆ ಬಂತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಕಂಡುಹಿಡಿದ ತತ್ತ್ವದ ಮೇಲೆ ಮಾಡಿದ ಆ ಯಂತ್ರ ನಿಜಕ್ಕೂ ಅದ್ಭುತ. ಆದರೆ ಅದರಲ್ಲಿ ಹೊಸ ದನಿ ಮಾಡುವುದು ಕಷ್ಟ, ಒಳಗಿಟ್ಟ ಮೂವತ್ತೆರಡು ಸಿದ್ಧ ದನಿಗಳಲ್ಲಿ ಒಂದನ್ನು ಒತ್ತುವುದು ಸುಲಭ. ಜಗತ್ತೆಲ್ಲ ಸುಲಭದ ದಾರಿ ಹಿಡಿಯಿತು. ದರ್ಜಿಯ ಬಳಿ ಅಳತೆ ಕೊಟ್ಟು ಹೊಲಿಸುತ್ತಿದ್ದ ಅಂಗಿ ಹೋಗಿ ಸಿದ್ಧ ಉಡುಪಿನ ಅಂಗಡಿ ಬಂದಂತಾಯಿತು. ಇಂದು ಆ ಮೂವತ್ತೆರಡು ದನಿಗಳ ಜಾಗದಲ್ಲಿ ಲಕ್ಷಗಟ್ಟಲೆ ದನಿಗಳ ಭಂಡಾರಗಳುಂಟು. ಸಂಖ್ಯೆ ಬೆಳೆಯಿತು, ಅಭ್ಯಾಸ ಬದಲಾಗಲಿಲ್ಲ.

ಒಂದು ನಿದರ್ಶನ ಸಾಕು. ೨೦೧೦ರ ‘ಇನ್‌ಸೆಪ್ಷನ್’ ಚಿತ್ರದಲ್ಲಿ ಹಾನ್ಸ್ ಜಿಮ್ಮರ್ ಒಂದು ಭಾರಿ ಕಹಳೆಯ ಗರ್ಜನೆಯನ್ನು ಕೇಳಿಸಿದ. ಪಿಯಾನೋದ ಸುತ್ತ ಕಹಳೆಯವರನ್ನು ನಿಲ್ಲಿಸಿ, ಅದರ ಕಾಲಮಣೆಯನ್ನು ಒತ್ತಿ ಹಿಡಿದು, ಊದಿದ ನಾದಕ್ಕೆ ಪಿಯಾನೋದ ತಂತಿಗಳು ಅನುರಣಿಸುವಂತೆ ಮಾಡಿ, ಆ ಮೇಲೆ ಯಂತ್ರಕ್ಕೆ ಹಾಕಿ ಅದನ್ನು ಸಾಧಿಸಿದ. ಅದು ಕೇಳಿಸಿಕೊಂಡು ಮಾಡಿದ ಕೆಲಸ. ಮುಂದಿನ ವರ್ಷಗಳಲ್ಲಿ ಆ ಗರ್ಜನೆ ಎಲ್ಲ ದೇಶಗಳ, ಎಲ್ಲ ಭಾಷೆಗಳ ಚಿತ್ರಗಳ ಜಾಹೀರಾತಿಗೂ ಇಳಿಯಿತು, ಕನ್ನಡಕ್ಕೂ ಇಳಿಯಿತು. ಅವರಿಗೆ ಪಿಯಾನೋ ಬೇಕಾಗಲಿಲ್ಲ, ಕಹಳೆಯವರು ಬೇಕಾಗಲಿಲ್ಲ. ಒಂದು ಗುಂಡಿ ಸಾಕಾಯಿತು. ಇದರಲ್ಲಿ ಯಂತ್ರದ ತಪ್ಪೇನು? ಅದೇ ಯಂತ್ರ ಹೊಸ ದನಿಯನ್ನೂ ಮಾಡಬಲ್ಲದಲ್ಲವೆ?

ಕನ್ನಡದ ಅಧ್ಯಾಪಕನಾದ ನನಗೆ ಇಲ್ಲಿ ಒಂದು ಶಾಸ್ತ್ರದ ಮಾತು ನೆನಪಾಗುತ್ತದೆ. ನಮ್ಮ ಭಾಷೆಯಲ್ಲಿ ಶಬ್ದಕ್ಕೂ ‘ಧ್ವನಿ’ ಎನ್ನುತ್ತೇವೆ, ಮಾತಿನ ಆಚೆಗೆ ಹೊಳೆಯುವ ಅರ್ಥಕ್ಕೂ ‘ಧ್ವನಿ’ ಎನ್ನುತ್ತೇವೆ. ತಿರುಳ್ಗನ್ನಡದ ನಾಡನ್ನು ಹೇಳುವಾಗ ನಮ್ಮ ಕೊಪಣವನ್ನು ಹೆಸರಿಸಿದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಕನ್ನಡದಲ್ಲಿ ಈ ಧ್ವನಿಯ ಮಾತನ್ನೂ ಎತ್ತಿದೆ. ಹಿನ್ನೆಲೆ ಸಂಗೀತದ ಕೆಲಸ ಈ ಎರಡನೆಯ ಧ್ವನಿ. ಪರದೆಯ ಮೇಲೆ ಕೋಪಗೊಂಡವನು ಕಾಣುತ್ತಲೇ ಇರುವಾಗ “ಇವನಿಗೆ ಕೋಪ ಬಂದಿದೆ” ಎಂದು ಸಂಗೀತವೂ ಕೂಗಿದರೆ ಅದು ವಾಚ್ಯ. ಅವನ ಕೋಪದ ಹಿಂದೆ ಇರುವ ದುಃಖವನ್ನು ಸೂಚಿಸಿದರೆ ಅದು ಧ್ವನಿ. ಇಂದಿನ ಹಿನ್ನೆಲೆಯಲ್ಲಿ ಮೊದಲನೆಯ ಧ್ವನಿ ಕಿವಿ ಕಿತ್ತುಹೋಗುವಷ್ಟಿದೆ, ಎರಡನೆಯದು ಇಲ್ಲ. ಶಬ್ದ ದೊಡ್ಡದಾದಷ್ಟೂ ಚಿತ್ರ ಆಧುನಿಕ ಎಂದು ತಿಳಿದಿರುವ ತರುಣ ಮಿತ್ರರು ಇದನ್ನು ವಿಚಾರಿಸಬೇಕು. ಅವರು ಯಂತ್ರದ ಪಕ್ಷದವರು, ನಾನೂ ಯಂತ್ರದ ಪಕ್ಷದವನೇ. ಆದರೆ ಅವರು ವಹಿಸಿಕೊಂಡು ಬರುವುದು ಯಂತ್ರವನ್ನಲ್ಲ, ಸೋಮಾರಿತನವನ್ನು.

ಕನ್ನಡದಲ್ಲಿ ಮಾದರಿಗಳಿಲ್ಲವೆ? ಧಾರಾಳವಾಗಿ ಇವೆ. ಬಿ. ವಿ. ಕಾರಂತರು ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ೧೯೭೬ ಮತ್ತು ೧೯೭೭ರ ರಾಷ್ಟ್ರಪ್ರಶಸ್ತಿಗಳನ್ನು ಪಡೆದರು. ಕಲ್ಲು, ಕೋಲು, ಕೈಗೆ ಸಿಕ್ಕ ಯಾವ ವಸ್ತುವಿನಿಂದಲೂ ರಂಗಭೂಮಿಗೆ ನಾದ ಹೊರಡಿಸಿದ ಆ ಮಹಾನುಭಾವ, ಯಂತ್ರವಿಲ್ಲದೆಯೇ ಶೆಫೆರನ ಹಾದಿಯನ್ನು ತುಳಿದವರು. ೧೯೮೭ರ ‘ಪುಷ್ಪಕ ವಿಮಾನ’ದಲ್ಲಿ ಮಾತೇ ಇಲ್ಲ, ಎಲ್. ವೈದ್ಯನಾಥನ್ನರ ಸಂಗೀತವೂ ಸುತ್ತಲಿನ ಸದ್ದುಗಳೂ ಸೇರಿ ಕಥೆಯನ್ನು ಸಾಗಿಸಿದವು. ಅದೇ ವರ್ಷದ ‘ಪ್ರೇಮಲೋಕ’ದಲ್ಲಿ ಹಂಸಲೇಖ ಹೊಸ ತಾಳಕ್ಕೆ ಕನ್ನಡದ ಆಡುಮಾತನ್ನು ಕುಣಿಸಿದರು, ಹೊಸ ವಾದ್ಯಕ್ಕೆ ಹಳೆಯ ನಾಲಿಗೆ ಒಗ್ಗುತ್ತದೆಂದು ತೋರಿಸಿದರು. ಕುಂದಾಪುರದ ಹತ್ತಿರದ ಬಸ್ರೂರಿನ ತರುಣನೊಬ್ಬ ಊರಿನ ಹೆಸರನ್ನೇ ತನ್ನ ಹೆಸರಿಗೆ ಕಟ್ಟಿಕೊಂಡು, ‘ಕೆ.ಜಿ.ಎಫ್.’ (೨೦೧೮) ಚಿತ್ರದಿಂದ ಭಾರತಕ್ಕೆಲ್ಲ ಕೇಳಿಸಿದ. ಹಿಂದೆ ಕನ್ನಡದ ಹಾಡೊಂದು ಹುಟ್ಟಬೇಕಾದರೆ ಮದರಾಸಿನ ಸ್ಟುಡಿಯೋದ ಬಾಗಿಲು ಕಾಯಬೇಕಾಗಿತ್ತು. ಆ ದೈನ್ಯವನ್ನು ಕಳೆದದ್ದು ಯಂತ್ರವೇ. ರವಿ ಬಸ್ರೂರರ ಅಬ್ಬರ ನನಗೆ ಎಲ್ಲೆಡೆ ಹಿತವಲ್ಲ; ಅವರನ್ನು ಅನುಕರಿಸಿದವರ ಅಬ್ಬರವಂತೂ ಎಲ್ಲಿಯೂ ಹಿತವಲ್ಲ. ೨೦೨೨ರ ‘ಕಾಂತಾರ’ದಲ್ಲಿ ಅಜನೀಶ್ ಲೋಕನಾಥರ ಸಂಗೀತ ಕರಾವಳಿಯ ದನಿಯನ್ನು ಹೊತ್ತು ತಂದಿತು. ಕರಾವಳಿಗೆ ಬಂದ ಈ ಭಾಗ್ಯ ನಮ್ಮ ಬಯಲುಸೀಮೆಗೆ ಏಕೆ ಬರಲಿಲ್ಲ?

ಏಕೆಂದರೆ ನಮ್ಮ ಸೀಮೆಯ ದನಿಯನ್ನು ಕೇಳಲು ಯಾರೂ ಇಲ್ಲಿಗೆ ಬಂದಿಲ್ಲ. ಉತ್ತರ ಕರ್ನಾಟಕದ ದೃಶ್ಯ ಬಂತೆಂದರೆ ಭಂಡಾರದಿಂದ ಒಂದು ಡೊಳ್ಳನ್ನು ತೆಗೆದು ಅಂಟಿಸುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು. ನಮ್ಮ ನಾಡಿನ ಕಿವಿ ಇಷ್ಟು ಬಡವೆ? ಮುನಿರಾಬಾದಿನ ಅಣೆಕಟ್ಟಿನಿಂದ ಎಡದಂಡೆ ಕಾಲುವೆಗೆ ಬಿದ್ದ ನೀರಿನ ಮೊರೆತ. ಗಂಗಾವತಿಯ ಅಕ್ಕಿ ಗಿರಣಿಗಳ ಎಡೆಬಿಡದ ಗುಂಗು. ಕುಷ್ಟಗಿಯ ಕಡೆ ಕೆಂಪು ಕಲ್ಲಿನ ಗಣಿಯಲ್ಲಿ ಉಳಿಯ ಪೆಟ್ಟು, ಒಂದು ಕಲ್ಲಿಗೊಂದು ಶ್ರುತಿ. ಯಲಬುರ್ಗಾದ ಎರೆಹೊಲದಲ್ಲಿ ಮಾಗಿದ ಜೋಳದ ಮೇಲೆ ಹಾಯುವ ಗಾಳಿ. ಗವಿಮಠದ ಜಾತ್ರೆಯಲ್ಲಿ ತೇರು ಸರಿದಾಗ ಬೆಟ್ಟಕ್ಕೆ ಬಡಿದು ಮರಳುವ ಜನಘೋಷ. ಹುಲಿಗೆಮ್ಮನ ಹುಣ್ಣಿಮೆಗೆ ಹೋದವರು ಚೌಡಿಕೆಯನ್ನು ಕೇಳಿರುತ್ತಾರೆ. ಒಂದೇ ತಂತಿ, ಅದರ ಬಿಗಿಯನ್ನು ಹೆಚ್ಚಿಸಿ ತಗ್ಗಿಸಿ ಸ್ವರವನ್ನು ಜಾರಿಸುತ್ತಾರೆ, ಬಳುಕಿಸುತ್ತಾರೆ, ಅಳಿಸುತ್ತಾರೆ. ತೆರೆಮಿನ್ನಿನ ಜಾರುನಾದ ಕೇಳಿ ಹಾಲಿವುಡ್ ಬೆರಗಾಯಿತಂತೆ. ಆ ಬೆರಗು ನಮ್ಮ ಜೋಗತಿಯರ ಕಂಕುಳಲ್ಲಿ ತಲೆಮಾರುಗಳಿಂದ ಇದೆ. ಇನ್ನು ಸಿನಿಮಾಕ್ಕೂ ಮೊದಲಿನ ಸಿನಿಮಾ ನಮ್ಮ ತೊಗಲುಗೊಂಬೆಯಾಟ. ಪರದೆ, ಬೆಳಕು, ಚಲಿಸುವ ಚಿತ್ರ, ಪರದೆಯ ಹಿಂದೆ ಕೂತು ಹಾಡುವ ಹಿನ್ನೆಲೆಯವರು, ಎಲ್ಲವೂ ಅಲ್ಲಿವೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, ೨೦೨೫ರಲ್ಲಿ, ಪದ್ಮಶ್ರೀ ಬಂತು. ಅವರ ಗೊಂಬೆಗಳ ಭಾವಚಿತ್ರ ಎಲ್ಲ ಪತ್ರಿಕೆಗಳಲ್ಲಿಯೂ ಬಂತು. ಅವರ ಆಟದ ಹಿನ್ನೆಲೆಯನ್ನು ಯಾವ ಸಂಗೀತ ನಿರ್ದೇಶಕ ಕೂತು ಕೇಳಿದ್ದಾನೆ?

ಇದು ರುಚಿಯ ಪ್ರಶ್ನೆ ಮಾತ್ರವಾಗಿದ್ದರೆ ನಾನು ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ. ಇದು ಅನ್ನದ ಪ್ರಶ್ನೆಯೂ ಹೌದು. ನಮ್ಮ ಭಾಗದ ಒಂದು ಜಾತ್ರೆಯ ರಸಮಂಜರಿಯಲ್ಲಿ ನಾನು ಕಂಡದ್ದನ್ನು ಊರಿನ ಹೆಸರಿಲ್ಲದೆ ಹೇಳುತ್ತೇನೆ. ವೇದಿಕೆಯ ಮೇಲೆ ಹುಡುಗನೊಬ್ಬ ರಬ್ಬರಿನ ಫಲಕಕ್ಕೆ ಕೋಲಿನಿಂದ ಹೊಡೆಯುತ್ತಿದ್ದ. ಹೊರಡುತ್ತಿದ್ದುದು ಡೊಳ್ಳಿನ ಸಪ್ಪಳ. ಹಗಲು ಮೆರವಣಿಗೆಗೆ ಬಂದಿದ್ದ ಡೊಳ್ಳಿನ ಮೇಳದವರು ವೇದಿಕೆಯ ಕೆಳಗೆ ಡೊಳ್ಳುಗಳನ್ನು ಮಗ್ಗುಲಿಗಿಟ್ಟುಕೊಂಡು ಕೂತು ಅದನ್ನು ಕೇಳುತ್ತಿದ್ದರು. ಆ ಫಲಕದೊಳಗಿನ ಡೊಳ್ಳನ್ನು ಎಂದೋ ಎಲ್ಲಿಯೋ ಒಬ್ಬ ಮನುಷ್ಯ ಬಾರಿಸಿದ್ದಾನೆ. ಅವನ ಹೆಸರೇನು? ಅವನ ಕೈಗೆ ಸಂದ ಕೂಲಿ ಎಷ್ಟು? ಆ ದನಿ ಮಾರಾಟವಾದಾಗಲೆಲ್ಲ ದುಡ್ಡು ಯಾರಿಗೆ ಹೋಗುತ್ತದೆ?

ನಮ್ಮ ಕಿನ್ನಾಳದ ಬೊಂಬೆಗೆ ಭೌಗೋಳಿಕ ಸೂಚಿಕೆಯ ರಕ್ಷಣೆಯಿದೆ. ಬೇರೆಯವರು ಬೊಂಬೆ ಮಾಡಿ ಕಿನ್ನಾಳದ್ದೆಂದು ಮಾರುವಂತಿಲ್ಲ. ಮರದ ಗಿಳಿಗೆ ಇರುವ ಈ ಮರ್ಯಾದೆ ನಮ್ಮ ಡೊಳ್ಳಿನ ದನಿಗೆ ಇಲ್ಲ. ಕಾನೂನು ಪೂರ್ತಿ ಮೂಕವಾಗಿದೆಯೆಂದಲ್ಲ. ೨೦೧೨ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯದ ಕಾಯಿದೆ, ಕಲಾವಿದನ ಪ್ರದರ್ಶನ ವ್ಯಾಪಾರಕ್ಕೆ ಬಳಕೆಯಾದರೆ ಅವನಿಗೂ ಗೌರವಧನದ ಪಾಲು ಸಲ್ಲಬೇಕೆನ್ನುತ್ತದೆ. ಆದರೆ ಹೆಸರನ್ನೇ ಬರೆದಿಡದವನಿಗೆ ಪಾಲು ಹೇಗೆ ಸಿಕ್ಕೀತು? ಈಗಂತೂ ಎಲ್ಲ ದನಿಗಳನ್ನೂ ನುಂಗಿ ತಾನೇ ಸಂಗೀತ ಕಟ್ಟುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ. ಹೆಸರಿಲ್ಲದ ದನಿ ಅವುಗಳ ಹೊಟ್ಟೆಗೆ ಮೊದಲ ತುತ್ತು. ಹೆಸರಿನ ಮಾತು ಸಣ್ಣದೆಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನ ಡೀಲಿಯಾ ಡರ್ಬಿಶೈರ್ ಎಂಬಾಕೆ ೧೯೬೩ರಲ್ಲಿ ‘ಡಾಕ್ಟರ್ ಹೂ’ ಎಂಬ ಟೆಲಿವಿಷನ್ ಧಾರಾವಾಹಿಯ ಮುಖಗೀತವನ್ನು, ರಾನ್ ಗ್ರೇನರ್ ಬರೆದ ಸ್ವರಗಳನ್ನು ಹಿಡಿದು, ಫೀತೆಯ ತುಂಡುಗಳನ್ನು ಒಂದೊಂದಾಗಿ ಕತ್ತರಿಸಿ ಅಂಟಿಸಿ ಸಿದ್ಧಪಡಿಸಿದಳು. ಪರದೆಯ ಮೇಲೆ ಅವಳ ಹೆಸರು ಬಂದದ್ದು ೨೦೧೩ರಲ್ಲಿ, ಅವಳು ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ. ನಮ್ಮವರಿಗೂ ಅದೇ ಗತಿಯಾಗಬೇಕೆ?

“ನಿರ್ಮಾಪಕರು ಹಣ ಕೊಡುವುದಿಲ್ಲ, ಹತ್ತು ದಿನದಲ್ಲಿ ಹಿನ್ನೆಲೆ ಮುಗಿಸೆನ್ನುತ್ತಾರೆ, ನಾವು ಕುಷ್ಟಗಿಗೆ ಬಂದು ಕಲ್ಲು ಕುಟ್ಟುವುದನ್ನು ಕೇಳುತ್ತ ಕೂಡೋಣವೆ?” ಎಂದು ಸಂಗೀತ ನಿರ್ದೇಶಕರು ಕೇಳಬಹುದು. ಹಣದ ಅಡಚಣೆ ನಿಜ. ಆದರೆ ಬೆಂಗಳೂರಿನಿಂದ ಕುಷ್ಟಗಿ ಒಂದು ರಾತ್ರಿಯ ಬಸ್ಸಿನ ದಾರಿ. ಬ್ಯಾರನ್ ದಂಪತಿಗಳು ತಮ್ಮ ಮನೆಯಲ್ಲಿ ಕೂತು ಇಡೀ ಚಿತ್ರಕ್ಕೆ ನಾದ ಕಟ್ಟಿದರು. ಅವರಿಗೆ ಕೋಣೆ ತುಂಬ ಬೇಕಾಗಿದ್ದ ಸಲಕರಣೆ ಈಗ ಎಲ್ಲರ ಜೇಬಿನಲ್ಲಿದೆ.

ಆದ್ದರಿಂದ ನಾನು ಕೇಳುವುದು ಮೂರೇ. ಚಿತ್ರ ಮಾಡುವವರು ಯಾವ ನಾಡಿನ ಕಥೆ ಹೇಳುತ್ತಾರೋ ಆ ನಾಡಿಗೆ ಬಂದು ಅದರ ದನಿಯನ್ನು ತಾವೇ ಹಿಡಿಯಲಿ; ನುಡಿಸಿದವರಿಗೆ ಕೂಲಿ ಕೊಟ್ಟು ಅವರ ಹೆಸರನ್ನು ಪರದೆಯ ಮೇಲೆ ಹಾಕಲಿ. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ಜನಪದ ಗೀತೆಗಳ ಮಾತನ್ನು ಬರೆದುಕೊಂಡು ಬಂದು ತೃಪ್ತರಾಗುವುದನ್ನು ಬಿಡಲಿ. ದನಿಯನ್ನೂ, ದನಿ ಕೊಟ್ಟವರ ಹೆಸರನ್ನೂ, ಊರನ್ನೂ, ದಿನಾಂಕವನ್ನೂ ಸೇರಿಸಿ ಕಾಪಾಡಲಿ. ಮೂರನೆಯದು ನಮ್ಮ ಹಿರಿಯರಲ್ಲಿ ವಿನಂತಿ: ಯಂತ್ರವನ್ನು ಬಯ್ಯುವುದನ್ನು ನಿಲ್ಲಿಸಬೇಕು. ಅವರು ಯಂತ್ರವನ್ನು ಬಯ್ಯುತ್ತ ಇರುವಷ್ಟು ದಿನ, ಕೇಳದೆ ನುಡಿಸುವವರು ಅದರ ಮರೆಯಲ್ಲಿ ಸುಖವಾಗಿ ಇರುತ್ತಾರೆ. ಚಿತ್ರ ನೋಡಿ ಹೊರಬಂದಾಗ ಅವರು ಕೇಳಬೇಕಾದ ಪ್ರಶ್ನೆ ಒಂದು: ಈ ದನಿ ಯಾರದು, ಎಲ್ಲಿಯದು? ಈ ಪ್ರಶ್ನೆಯನ್ನು ಕೊಪ್ಪಳದ ಪ್ರೇಕ್ಷಕರು ಗಟ್ಟಿಯಾಗಿ ಕೇಳಲು ತೊಡಗಿದರೆ ಬೆಂಗಳೂರಿನ ಸ್ಟುಡಿಯೋಗಳು ಉತ್ತರ ಹುಡುಕಲೇಬೇಕಾಗುತ್ತದೆ.